ತಟ್ಟಿ ಕೇಳುವ ಬ್ರೆಡ್

ಬೀದಿಯವರೆಲ್ಲ ಅವರನ್ನು ಕ್ಯಾಪ್ಟನ್ ಅನ್ನುತ್ತಿದ್ದರು. ಹಾಗಂತ ಅವರು ಹಡಗು ನಡೆಸಿದವರೇನಲ್ಲ. ಪ್ರಾಯದಲ್ಲಿ ಸರಕಿನ ಹಡಗೊಂದರ ಅಡುಗೆಮನೆಯಲ್ಲಿದ್ದು ಬಾಣಲೆ ಉಜ್ಜಿದವರು, ಮೂಟೆಗಟ್ಟಲೆ ಆಲೂಗಡ್ಡೆ ಸುಲಿದವರು. ಬೇಕರಿಯ ಗಲ್ಲಾದಲ್ಲಿ ಕೂರುವ ಅವರ ಹೆಂಡತಿ ಇದನ್ನು ಯಾರಿಂದಲೂ ಮುಚ್ಚಿಟ್ಟಿರಲಿಲ್ಲ. "ನೆಲದ ಮೇಲೇ ದಿಕ್ಕು ಗೊತ್ತಾಗಲ್ಲ ಇವರಿಗೆ. ಹಡಗು ಕೊಟ್ಟಿದ್ರೆ ಯಾವ ಬಂಡೆಗೆ ಹೊಡೀತಿದ್ರೋ" ಎಂದು ಗಿರಾಕಿಗಳ ಮುಂದೆಯೇ ಹೇಳುತ್ತಿದ್ದರು. ಕ್ಯಾಪ್ಟನ್ ಒಳಗೆ ಭಟ್ಟಿಯ ಮುಂದೆ ನಿಂತು, ಕೇಳಿಸಿಕೊಂಡೂ ಕೇಳಿಸದವರಂತೆ ಹಿಟ್ಟು ಜರಡಿ ಹಿಡಿಯುತ್ತಿದ್ದರು. ಆ ದಂಪತಿಯ ಸಂಸಾರ ನಡೆದದ್ದೇ ಹಾಗೆ. ಒಬ್ಬರು ಆಡುವುದು, ಇನ್ನೊಬ್ಬರು ತುಟಿ ಪಿಟಕ್ಕೆನ್ನದಿರುವುದು.

ಹಡಗಿನಿಂದ ಅವರು ಹಣ ತಂದಿರಲಿಲ್ಲ, ಬಂಗಾರ ತಂದಿರಲಿಲ್ಲ. ತಂದದ್ದು ಒಂದು ಬ್ರೆಡ್. ಆ ಹಡಗಿನ ಮುಖ್ಯ ಅಡುಗೆಯವನು ಐರ್ಲೆಂಡಿನವನು. ತನ್ನ ತಾಯಿಯ ಕೈಯ ಬ್ರೆಡ್ ನೆನಪಾದಾಗಲೆಲ್ಲ ತೌಡು ತೆಗೆಯದ ಗೋಧಿ ಹಿಟ್ಟು, ಹಿಡಿ ಓಟ್ಸ್, ಅಡುಗೆ ಸೋಡ, ಹುಳಿ ಮಜ್ಜಿಗೆ, ಕಬ್ಬಿನ ಹಾಲಿನ ಕಪ್ಪು ಪಾಕವಾದ ಕಾಕಂಬಿ, ಒಡೆದ ಅಕ್ರೋಟು ಎಲ್ಲ ಬೆರೆಸಿ, ಅದಕ್ಕೊಂದು ಬಾಟಲಿ ಸ್ಟೌಟ್ ಅನ್ನುವ ಕಪ್ಪು ಬಿಯರ್ ಸುರಿದು ಗುಂಡಗೆ ಬೇಯಿಸುತ್ತಿದ್ದನಂತೆ. ಹೊರಗೆ ಮರದ ತೊಗಟೆಯಂತೆ ಒರಟು, ಒಳಗೆ ಮೆತ್ತಗೆ, ಸ್ವಲ್ಪ ಕಹಿ, ಸ್ವಲ್ಪ ಸಿಹಿ. ಅದೊಂದನ್ನು ಕಲಿತು ಇಳಿದು ಬಂದ ಕ್ಯಾಪ್ಟನ್, ಇಟ್ಟಿಗೆಯ ಭಟ್ಟಿ ಕಟ್ಟಿಸಿ, ಸೌದೆ ಉರಿಸಿ, ಅದನ್ನೇ ಜೀವನಪೂರ್ತಿ ಬೇಯಿಸಿದರು. ಬನ್ನು, ಬಿಸ್ಕತ್ತು ಎಲ್ಲ ಮಾಡುತ್ತಿದ್ದರು ಅನ್ನಿ, ಆದರೆ ಅವು ಹೊಟ್ಟೆಪಾಡಿಗೆ. ಕಪ್ಪು ಬ್ರೆಡ್ ಮಾತ್ರ ಅವರ ಪ್ರಾಣ.

ಸ್ಟೌಟಿಗಾಗಿ ಅವರು ದಿನಾ ಬೆಳಿಗ್ಗೆ ಹೆಂಡದಂಗಡಿಯ ಬಾಗಿಲು ತೆರೆಯುವ ಮೊದಲೇ ಚೀಲ ಹಿಡಿದು ಹೋಗಿ ನಿಲ್ಲಬೇಕಾಗಿತ್ತು. ಒಂದು ತೊಟ್ಟು ಕುಡಿದವರಲ್ಲ. ಆದರೂ ಮದುವೆಯಾಗಿ ಆ ಬೀದಿಗೆ ಹೊಸದಾಗಿ ಬಂದ ಅವರ ಸೊಸೆಗೆ ಮೊದಲ ದಿನವೇ ಪಕ್ಕದ ಮನೆಯಾಕೆ ಕಿವಿಯಲ್ಲಿ ಹೇಳಿದ್ದು, "ನಿನ್ನ ಮಾವ ಒಳ್ಳೆಯವರೇ ಕಣಮ್ಮ, ಆದ್ರೆ ಎದ್ದ ತಕ್ಷಣ ಬೇಕು ಅವರಿಗೆ" ಎಂದು. ಪಾಪ, ಆ ಹುಡುಗಿ ಒಂದು ವಾರ ಮಾವನ ಬಾಯಿ ವಾಸನೆ ಬರುತ್ತದೇನೋ ಎಂದು ದೂರದೂರವೇ ನಿಂತಿದ್ದಳು.

ಈ ಸೊಸೆಯ ಕಣ್ಣಿನಿಂದಲೇ ಕ್ಯಾಪ್ಟನ್ ಕತೆಯನ್ನು ಹೇಳಬೇಕು. ಯಾಕೆಂದರೆ ಅವರನ್ನು ಸರಿಯಾಗಿ ನೋಡಿದವಳು ಅವಳೊಬ್ಬಳೇ. ಅವಳೂ ಬಹಳ ಕಾಲ ತಪ್ಪಾಗಿಯೇ ನೋಡಿದ್ದಳು, ಆ ಮಾತು ಬೇರೆ.

ಮದುವೆಗೆ ಮೊದಲು ಅವಳು ಇನ್ನೊಂದು ಬೇಕರಿಯಲ್ಲಿ ಹಿಟ್ಟು ನಾದುವ ಕೆಲಸಕ್ಕಿದ್ದವಳು. ಪಳಗಿದ ಕೈ. ಹಿಟ್ಟು ಬೆಣ್ಣೆಯಂತಾಗುವವರೆಗೆ ಬಿಡುವವಳಲ್ಲ. ಅದೇ ಮುಳುವಾಯಿತು. ಬಂದ ಹೊಸದರಲ್ಲಿ ಒಂದು ದಿನ ಮಾವ ಸ್ಟೌಟ್ ತಂದಿಟ್ಟು ಸೌದೆ ಒಡೆಯಲು ಹಿತ್ತಲಿಗೆ ಹೋಗಿದ್ದರು. ಮಾವನಿಗೆ ಆಸರೆಯಾಗಲಿ ಎಂದು ಇವಳೇ ಎಲ್ಲ ಬೆರೆಸಿ, ಸೆರಗು ಬಿಗಿದು, ಮನಸ್ಸಿಟ್ಟು ನಾದಿದಳು. ಬೆಂದು ಬಂದ ಬ್ರೆಡ್ಡು ಚಾಕು ಮುಟ್ಟಿಸಿಕೊಳ್ಳಲಿಲ್ಲ. ಅತ್ತೆ ಅದನ್ನು ಎರಡು ಕೈಯಲ್ಲಿ ಎತ್ತಿಕೊಂಡು ಹೋಗಿ ಗಾಳಿಗೆ ಬಡಿದುಕೊಳ್ಳುವ ಹಿಂಬಾಗಿಲಿಗೆ ಒತ್ತಿಟ್ಟರು. "ಇಷ್ಟು ವರ್ಷ ಒಂದು ಕಲ್ಲು ತನ್ನಿ ಅಂದ್ರೆ ಯಾರೂ ತರಲಿಲ್ಲ. ಸೊಸೆ ಬಂದು ಮಾಡಿಕೊಟ್ಲು" ಎಂದರು.

ಸೊಸೆ ಮುಖ ಕೆಳಗೆ ಹಾಕಿ ನಿಂತಿದ್ದಾಗ ಕ್ಯಾಪ್ಟನ್ ಹೊಸದಾಗಿ ಹಿಟ್ಟು ಅಳೆದರು. "ಇದರಲ್ಲಿ ಈಸ್ಟ್ ಇಲ್ಲಮ್ಮ. ಒದ್ದೆ ಮುಟ್ಟಿದ ಕ್ಷಣಕ್ಕೆ ಸೋಡ ಕೆಲಸ ಶುರು ಮಾಡುತ್ತೆ. ನೀನು ನಾದ್ತಾ ನಿಂತ್ರೆ ಇರೋ ಗಾಳಿಯೆಲ್ಲ ಹೋಗಿಬಿಡುತ್ತೆ. ನಾದಬೇಡ, ಬರೀ ಒಟ್ಟು ಮಾಡು" ಎಂದರು. ಅವಳು ಅವರ ಬಾಯಿಂದ ಅಷ್ಟು ಉದ್ದದ ಮಾತು ಕೇಳಿದ್ದು ಅದೇ ಮೊದಲು. ಬೆರಳು ಅಗಲಿಸಿ ಹಿಟ್ಟಿನ ನಡುವೆ ಒಂದೆರಡು ಸುತ್ತು ಹಾಕಿದರು, ಅಷ್ಟೇ. ಹಲಗೆಯ ಮೇಲೆ ಗುಂಡಗೆ ಗುಡ್ಡೆ ಮಾಡಿ, ಮೇಲೆ ಚಾಕುವಿನಿಂದ ಅಡ್ಡ ಒಂದು ಉದ್ದ ಒಂದು ಗೀರು ಹಾಕಿ, ಉದ್ದ ಹಿಡಿಯ ಮರದ ಹಲಗೆಯಿಂದ ಭಟ್ಟಿಯೊಳಗೆ ತಳ್ಳಿಬಿಟ್ಟರು. ಎಲ್ಲದರಲ್ಲೂ ಎಮ್ಮೆಯಷ್ಟು ನಿಧಾನದ ಆ ಮನುಷ್ಯ ಈ ಒಂದು ಕೆಲಸದಲ್ಲಿ ಹಿಡಿದ ವೇಗ ನೋಡಿ ಅವಳಿಗೆ ನಗು ಬಂತು.

ಆಮೇಲೆ ಬಂದದ್ದು ನಗುವಲ್ಲ.

ಎಷ್ಟೋ ಹೊತ್ತಿನ ನಂತರ ಕ್ಯಾಪ್ಟನ್ ಬ್ರೆಡ್ಡನ್ನು ಹೊರಗೆಳೆದು, ಬಟ್ಟೆಯಲ್ಲಿ ಹಿಡಿದು, ಬೋರಲು ಮಾಡಿ, ಮಡಿಸಿದ ಬೆರಳ ಗೆಣ್ಣಿನಿಂದ ಅದರ ತಳವನ್ನು ತಟ್ಟಿದರು. ತಲೆ ಓರೆ ಮಾಡಿ ಕೇಳಿದರು. ಮತ್ತೆ ಒಳಗಿಟ್ಟರು. ಇನ್ನೊಂದಷ್ಟು ಹೊತ್ತು ಬಿಟ್ಟು ಮತ್ತೆ ತೆಗೆದರು, ಮತ್ತೆ ತಟ್ಟಿದರು, ಈ ಸಲ ಮೇಜಿನ ಮೇಲಿಟ್ಟರು. ಎರಡು ಸದ್ದಿಗೂ ಅವಳಿಗೆ ಎಳ್ಳಷ್ಟೂ ವ್ಯತ್ಯಾಸ ಗೊತ್ತಾಗಲಿಲ್ಲ. ಗಡಿಯಾರ ಗೋಡೆಯ ಮೇಲಿತ್ತು, ಅದರ ಕಡೆ ಅವರು ಕಣ್ಣು ಹಾಯಿಸಲೂ ಇಲ್ಲ.

"ಹೇಗೆ ಗೊತ್ತಾಗುತ್ತೆ ಮಾವ?"

"ಹಸಿ ಇದ್ರೆ ತುಂಬಿದ ಚೀಲ ತಟ್ಟಿದ ಹಾಗೆ. ಬೆಂದಿದ್ರೆ ಖಾಲಿ ಕೋಣೆ ಬಾಗಿಲು ತಟ್ಟಿದ ಹಾಗೆ."

ಬೇರೆ ದಾರಿಯೂ ಇರಲಿಲ್ಲ ಅನ್ನಿ. ಸೌದೆಯ ಭಟ್ಟಿ ಒಂದು ದಿನ ಇದ್ದಂತೆ ಇನ್ನೊಂದು ದಿನ ಇರುವುದಿಲ್ಲ, ಗಡಿಯಾರ ನಂಬುವಂತಿಲ್ಲ. ಸ್ಟೌಟು, ಕಾಕಂಬಿ ಬಿದ್ದ ಬ್ರೆಡ್ ಹಸಿಯಿದ್ದಾಗಲೂ ಕಪ್ಪೇ, ಬಣ್ಣ ನಂಬುವಂತಿಲ್ಲ. ಕಡ್ಡಿ ಚುಚ್ಚಿದರೆ ಬೆಂದದ್ದೂ ಅಂಟುತ್ತದೆ. ಉಳಿದದ್ದು ಆ ಸದ್ದು ಒಂದೇ. ಅಂದು ಸೊಸೆ ಬ್ರೆಡ್ಡಿನ ತುಂಡನ್ನು ಬಾಯಿಗಿಟ್ಟು, ಒಂದು ಸದ್ದನ್ನು ನಂಬಿ ಇಡೀ ಬದುಕು ನಡೆಸಿದ ಮನುಷ್ಯನನ್ನು ನೋಡುತ್ತಾ ನಿಂತಳು. ಅವಳ ಮೈ ಜುಮ್ಮೆಂದಿತು. ಕುಡುಕ ಮಾವ ಎಂದು ದೂರ ನಿಂತಿದ್ದಕ್ಕೆ ಮನಸ್ಸಿನಲ್ಲೇ ಕೆನ್ನೆ ಬಡಿದುಕೊಂಡಳು.

ಹೀಗೆ ಕೆಲವು ವರ್ಷ ನಡೆಯಿತು. ಆಮೇಲೆ ಒಂದು ಬೆಳಿಗ್ಗೆ ರೈಲ್ವೆ ಸ್ಟೇಷನ್ನಿನ ಎದುರಿನ ಕಾಫಿ ಅಂಗಡಿಯಾಕೆ ಎರಡು ಬ್ರೆಡ್ ಹಿಡಿದು ಬಂದಳು. ಕ್ಯಾಪ್ಟನ್ನರ ಬ್ರೆಡ್ಡಿಗೆ ಅವಳೇ ದೊಡ್ಡ ಗಿರಾಕಿ. ಅವೆರಡನ್ನೂ ಗಲ್ಲಾದ ಮೇಲಿಟ್ಟು ಕತ್ತರಿಸಿದ ಭಾಗವನ್ನು ಮೇಲಕ್ಕೆ ತಿರುಗಿಸಿದಳು. ನಡುವೆ ಹಸಿ ಹಿಟ್ಟು ಮಿರಮಿರ ಹೊಳೆಯುತ್ತಿತ್ತು. "ಒಂದು ಸಲ ಅಂದ್ರೆ ನಾನೂ ಹೊಟ್ಟೆಗೆ ಹಾಕಿಕೊಳ್ತೀನಿ. ಇನ್ನೊಂದು ಸಲ ಆದ್ರೆ ಬೇರೆ ಕಡೆ ನೋಡಿಕೊಳ್ಳಬೇಕಾಗುತ್ತೆ" ಎಂದು ಹೇಳಿ ಹೋದಳು.

ಅಂದು ಊಟಕ್ಕೆ ಕೂತಾಗ ಸೊಸೆಯ ಗಂಡ, ಅಂದರೆ ಕ್ಯಾಪ್ಟನ್ನರ ಮಗ, ವಿಷಯ ತೆಗೆದ. ಅಪ್ಪ ಆಗಲೇ ಉಂಡೆದ್ದು ಹೋಗಿದ್ದರು. ಅವನು ಕೆಟ್ಟವನಲ್ಲ. ಬೇಕರಿಯ ಸರಕು, ಸಾಗಾಟ ಎಲ್ಲ ಹೊತ್ತು ಓಡಾಡುವವನು, ಹಾಗಾಗಿ ನಾಳಿನ ಚಿಂತೆ ಅವನಿಗೆ ಜಾಸ್ತಿ. "ಇನ್ನೊಂದು ಬ್ರೆಡ್ ವಾಪಸ್ ಬಂದ್ರೆ ಭಟ್ಟಿ ಒಡೆಸಿ ಕರೆಂಟಿನ ಓವನ್ ಹಾಕಿಸ್ತೀನಿ. ಬಿಸಿ ಇಷ್ಟು ಅಂತ ಇಟ್ರೆ ಇಷ್ಟೇ ಇರುತ್ತೆ, ಹೊತ್ತಾದ್ರೆ ಅದೇ ಗಂಟೆ ಹೊಡೆಯುತ್ತೆ. ಅಪ್ಪ ಅಮ್ಮನ ಜೊತೆ ಗಲ್ಲಾದಲ್ಲಿ ಕೂರಲಿ" ಎಂದ.

"ನನ್ನ ಪಕ್ಕ ತಂದು ಕೂರಿಸ್ಬೇಡಪ್ಪ, ನಿನಗೆ ಪುಣ್ಯ ಬರುತ್ತೆ" ಎಂದರು ಅತ್ತೆ. ಆದರೆ ಅವರ ಕೈಯಲ್ಲಿದ್ದ ತುತ್ತು ತಟ್ಟೆಗೇ ವಾಪಸ್ ಹೋಯಿತು. ಭಟ್ಟಿಯಿಂದ ಎಬ್ಬಿಸಿದರೆ ಆ ಮನುಷ್ಯ ಉಳಿಯುವುದಿಲ್ಲ ಎಂದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಯಾಕೆ ಹಸಿಯಾಯಿತು ಎಂಬುದು ಸೊಸೆಗೆ ಮಾರನೆಯ ದಿನವೇ ಗೊತ್ತಾಯಿತು. ಅವಳ ಕೈಜಾರಿ ಖಾಲಿ ಟ್ರೇಗಳು ಒಂದರ ಮೇಲೊಂದು ನೆಲಕ್ಕೆ ಬಿದ್ದವು. ಹೊರಗೆ ಗಲ್ಲಾದಲ್ಲಿದ್ದ ಅತ್ತೆ "ಏನು ಭೂಮಿ ಬಾಯಿಬಿಡ್ತಾ" ಎಂದು ಕೂಗಿದರು. ಮಾರುದೂರದಲ್ಲಿ ಬೆನ್ನು ಹಾಕಿ ನಿಂತಿದ್ದ ಕ್ಯಾಪ್ಟನ್ ತಿರುಗಲಿಲ್ಲ. ಅವರ ಹೆಗಲು ಕೂಡ ಅಲುಗಲಿಲ್ಲ. ತಮ್ಮ ಪಾಡಿಗೆ ತಾವು ಅಕ್ರೋಟು ಒಡೆಯುತ್ತಿದ್ದರು.

ಅವಳು ಮೆಲ್ಲಗೆ ಬೆನ್ನ ಹಿಂದೆ ಹೋಗಿ "ಮಾವ" ಅಂದಳು. ಗಟ್ಟಿಯಾಗಿ "ಮಾವ" ಅಂದಳು. ಅಕ್ರೋಟು ಒಡೆಯುವ ಕೈ ನಿಲ್ಲಲಿಲ್ಲ. ಮೊದಲಿನಿಂದಲೂ ಮಾತಿಗೆ ತಲೆಯಾಡಿಸಿ ಮುಗಿಸುವವರು, ಹೆಂಡತಿಯ ಮಾತಿಗೆ ಅದೂ ಇಲ್ಲ. ಅಂಥವರ ಕಿವಿ ಹೋದರೆ ಮನೆಯವರಿಗೆ ಗೊತ್ತಾಗುವುದಾದರೂ ಹೇಗೆ?

ಅವಳು ಯಾರಿಗೂ ಹೇಳಲಿಲ್ಲ. ಗಂಡನಿಗೆ ಹೇಳಿದರೆ ಅಂದೇ ಭಟ್ಟಿ ಒಡೆಸುತ್ತಾನೆ. ಅತ್ತೆಗೆ ಹೇಳಿದರೆ ಬೀದಿಗೆಲ್ಲ ಟಾಂ ಟಾಂ ಆಗುತ್ತದೆ. ಅಂದು ಮಧ್ಯಾಹ್ನ ಬ್ರೆಡ್ ಹೊರಬರುವ ಹೊತ್ತಿಗೆ ಸರಿಯಾಗಿ ಹೋಗಿ ಅವರ ಎದುರು ನಿಂತಳು. ಅವರು ತಳ ತಟ್ಟಿದರು. ತಟ್ಟಿ, ತಲೆ ಎತ್ತಿ ಅವಳ ಮುಖ ನೋಡಿದರು. ಆ ನೋಟದಲ್ಲಿ ಒಂದು ಪ್ರಶ್ನೆ ಇತ್ತು. ಅವಳಿಗೆ ಸದ್ದು ಕೇಳಿಸಿತು ನಿಜ, ಆದರೆ ಅದು ಚೀಲವೋ ಬಾಗಿಲೋ ದೇವರಿಗೇ ಗೊತ್ತು. ಆ ಮುದಿ ಕಣ್ಣುಗಳನ್ನು ನೋಡಲಾರದೆ ಹೂಂ ಎಂದು ತಲೆಯಾಡಿಸಿಬಿಟ್ಟಳು.

ಅಂದಿನಿಂದ ಅದೇ ಅಭ್ಯಾಸವಾಯಿತು. ಮಾವ ತಟ್ಟುವುದು, ಮುಖ ನೋಡುವುದು, ಸೊಸೆ ತಲೆಯಾಡಿಸುವುದು. ಇಬ್ಬರ ನಡುವೆ ಈ ಬಗ್ಗೆ ಒಂದು ಮಾತೂ ಇಲ್ಲ. ಮೊದಮೊದಲು ಅವಳು ಗಾಳಿಯಲ್ಲಿ ಗುಂಡು ಹೊಡೆದಳು. ಬರಬರುತ್ತಾ ಸದ್ದುಗಳು ಬೇರೆಬೇರೆಯಾಗತೊಡಗಿದವು. ಒಂದು ದಿನ ಇದ್ದಕ್ಕಿದ್ದಂತೆ, ಒಂದು ಬ್ರೆಡ್ಡಿನಲ್ಲಿ ನಿಜಕ್ಕೂ ಖಾಲಿ ಕೋಣೆಯ ಬಾಗಿಲು ಕೇಳಿಸಿತು. ಅವಳ ಕಣ್ಣಲ್ಲಿ ನೀರು ಬಂತು. ಇಷ್ಟು ದಿನ ಹಿಟ್ಟು, ಉಪ್ಪು, ಸೋಡ ಆಗಿದ್ದದ್ದು ಒಂದೇ ತಟ್ಟಿಗೆ ನಾನೀಗ ಬ್ರೆಡ್ ಆಗಿದ್ದೇನೆ ಎಂದು ಬಾಯಿಬಿಟ್ಟು ಹೇಳಿದ ಹಾಗಿತ್ತು. ಆಮೇಲೆ ಅವಳು ಕೆಲವಕ್ಕೆ ಇಲ್ಲ ಎಂದೂ ತಲೆ ಅಲ್ಲಾಡಿಸತೊಡಗಿದಳು.

ಒಂದು ಬ್ರೆಡ್ಡೂ ವಾಪಸ್ ಬರಲಿಲ್ಲ. ಚಳಿಗಾಲ ಕಳೆಯಿತು, ಬೇಸಿಗೆ ಬಂತು. ಕಾಫಿ ಅಂಗಡಿಯಾಕೆ ಎರಡು ಸಲ ಹೊಗಳಿ ಹೇಳಿ ಕಳಿಸಿದಳು. ಗಂಡ ಓವನ್ನಿನ ಮಾತೆತ್ತಲಿಲ್ಲ. ಸೊಸೆಗೆ ಒಳಗೊಳಗೇ ಕೋಡು ಮೂಡಿತು. ಈ ಮನೆ, ಈ ಭಟ್ಟಿ, ಈ ಮುದುಕ, ಎಲ್ಲ ನನ್ನ ಕಿವಿಯ ಮೇಲೆ ನಿಂತಿವೆ ಎಂದು ಅಂದುಕೊಳ್ಳುತ್ತಾ ನಿದ್ದೆ ಹೋಗುತ್ತಿದ್ದಳು. ಮಾವ ಈಗೀಗ ಬ್ರೆಡ್ಡನ್ನು ಕೆನ್ನೆಗೆ ಒತ್ತಿ ಹಿಡಿಯುವುದನ್ನು ಅವಳು ಕಂಡಿದ್ದಳು. ವಯಸ್ಸಾದ ಮೇಲೆ ಮುದ್ದು ಜಾಸ್ತಿ ಎಂದುಕೊಂಡು ಸುಮ್ಮನಾಗಿದ್ದಳು. ಅವರ ದವಡೆಯ ಮೇಲೊಂದು ಕೆಂಪು ಕಲೆ ಮೂಡಿತ್ತು. ಅತ್ತೆ ಅದನ್ನು ನೋಡಿ, "ಇಷ್ಟು ವಯಸ್ಸಾದ್ರೂ ಗಡ್ಡ ಹೆರೆಯೋಕೆ ಬರಲ್ಲ" ಎಂದು ಮೂಗು ಮುರಿದಿದ್ದರು.

ಹೀಗಿರುವಾಗ ಕಾಫಿ ಅಂಗಡಿಯಾಕೆ ಎರಡನೆಯ ಅಂಗಡಿ ತೆರೆದಳು. ಮೊದಲ ದಿನಕ್ಕೆ ಭಟ್ಟಿ ತುಂಬ ಬ್ರೆಡ್ ಬೇಕು, ದೊಡ್ಡ ಗಾತ್ರದ್ದೇ ಬೇಕು ಎಂದಳು. ಅಂದು ಬೇಕರಿಯ ಮುಂದೆ ಅವಳ ವ್ಯಾನು ಬಂದು ನಿಂತು ಹಾರ್ನ್ ಹೊಡೆಯುತ್ತಿತ್ತು. ಗಂಡ ಒಳಗೆ ಬಂದು ಬಾಗಿಲಲ್ಲೇ ನಿಂತ. "ಆಯ್ತಾ? ಅವರು ಹೊರಡ್ತಾರಂತೆ. ಇನ್ನೆಷ್ಟು ಹೊತ್ತು?"

ಕ್ಯಾಪ್ಟನ್ ಮೊದಲ ಬ್ರೆಡ್ ಎಳೆದು ಬೋರಲು ಮಾಡಿ ತಟ್ಟಿದರು. ಸೊಸೆಯ ಮುಖ ನೋಡಿದರು. ಹಾರ್ನಿನ ಅಬ್ಬರದಲ್ಲಿ ಅವಳಿಗೆ ಸರಿಯಾಗಿ ಕೇಳಿಸಿರಲಿಲ್ಲ. ಗಂಡನ ಕಾಲು ನೆಲ ಕುಟ್ಟುತ್ತಿತ್ತು. ಬೆಂದೇ ಇರುತ್ತದೆ ಎಂದುಕೊಂಡು ಹೂಂ ಎಂದು ತಲೆಯಾಡಿಸಿದಳು.

ಕ್ಯಾಪ್ಟನ್ ಬ್ರೆಡ್ಡನ್ನು ಎತ್ತಿ ದವಡೆಗೆ ಒತ್ತಿ, ಇನ್ನೊಂದು ಕೈಯಿಂದ ತಟ್ಟಿ, ತಿರುಗಿ ಭಟ್ಟಿಯೊಳಗೆ ತಳ್ಳಿಬಿಟ್ಟರು.

"ಅಪ್ಪ, ಆಯ್ತು ಅಂದ್ಲಲ್ಲ, ಮತ್ಯಾಕೆ ಒಳಗೆ?" ಎಂದ ಗಂಡ. ಅಪ್ಪನ ಬೆನ್ನು ಅಲುಗಲಿಲ್ಲ. "ಅಪ್ಪ" ಎಂದು ಗಟ್ಟಿಯಾಗಿ ಕರೆದ. ಹತ್ತಿರ ಹೋಗಿ ಅವರ ತಲೆಯ ಹಿಂದೆ ಚಪ್ಪಾಳೆ ತಟ್ಟಿದ. ಕ್ಯಾಪ್ಟನ್ ಬಗ್ಗಿ ಕೆಂಡ ಕೆದಕುತ್ತಿದ್ದರು. ಗಂಡ ನಿಧಾನಕ್ಕೆ ಹೆಂಡತಿಯ ಕಡೆ ತಿರುಗಿದ.

"ಎಷ್ಟು ದಿನದಿಂದ?"

"ಆ ಎರಡು ಬ್ರೆಡ್ ವಾಪಸ್ ಬಂದಾಗಿನಿಂದ."

"ಹಾಗಾದ್ರೆ ಇಷ್ಟು ದಿನ ಬೆಂದಿದೆ, ಬೆಂದಿಲ್ಲ ಅಂತ ನೋಡಿದ್ದು?"

"ನಾನೇ" ಎಂದಳು ಸೊಸೆ. ಹೆದರಿಕೆಯ ನಡುವೆಯೂ ಆ ಮಾತಿನಲ್ಲಿ ಸ್ವಲ್ಪ ಜಂಬ ಇತ್ತು. ಇಲ್ಲ ಎಂದರೆ ಸುಳ್ಳಾದೀತು.

ಅಪ್ಪ ಪಕ್ಕಕ್ಕೆ ಸರಿದ ಹೊತ್ತು ನೋಡಿ ಗಂಡ, ಅವರು ಈಗಷ್ಟೇ ಒಳಗಿಟ್ಟ ಬ್ರೆಡ್ಡನ್ನೇ ಹೊರಗೆಳೆದು, ಮೇಜಿನ ಮೇಲಿಟ್ಟು ನಡುಮಧ್ಯಕ್ಕೆ ಕತ್ತರಿಸಿದ. ಅವಳು ಹೂಂ ಅಂದ ಬ್ರೆಡ್ ಅದು. ನಡುವೆ ಕೈಯಗಲ ಹಸಿ ಹಿಟ್ಟು ಮಿರಮಿರ ಹೊಳೆಯುತ್ತಿತ್ತು.

ಸೊಸೆ ಇಷ್ಟು ತಿಂಗಳು ಹೊತ್ತು ತಿರುಗಿದ ಕೋಡು ಅಲ್ಲೇ ಮುರಿದು ಬಿತ್ತು. ಅಷ್ಟರಲ್ಲಿ ಕ್ಯಾಪ್ಟನ್ ಇತ್ತ ತಿರುಗಿದರು. ಕತ್ತರಿಸಿದ ಬ್ರೆಡ್ ನೋಡಿದರು, ಮಗನ ಮುಖ ನೋಡಿದರು, ಸೊಸೆಯ ಮುಖ ನೋಡಿದರು. ಎಲ್ಲ ಬಯಲಾಯಿತು ಎಂದು ಅವರಿಗೆ ಅರ್ಥವಾಯಿತು. ಗಾಬರಿಯಾಗಲಿಲ್ಲ. ಕೈ ಒರೆಸಿಕೊಂಡು ಭಟ್ಟಿಯ ಬಾಯಿಯಂಚಿನಲ್ಲಿದ್ದ ಇನ್ನೊಂದು ಬ್ರೆಡ್ಡನ್ನು ಎಳೆದುಕೊಂಡರು. ಬೆರಳುಗಳಿಂದ ಎರಡೂ ಕಿವಿ ಬಿಗಿಯಾಗಿ ಮುಚ್ಚಿಕೋ ಎಂದು ಸೊಸೆಗೆ ಸನ್ನೆ ಮಾಡಿದರು.

ಅವಳು ಮುಚ್ಚಿಕೊಂಡಳು. ಹಾರ್ನು, ಬೀದಿ, ಗಲ್ಲಾದಲ್ಲಿ ಅತ್ತೆಯ ದನಿ ಎಲ್ಲ ಅಳಿಸಿಹೋಯಿತು. ಕ್ಯಾಪ್ಟನ್ ಬ್ರೆಡ್ಡಿನ ಅಂಚನ್ನು ಅವಳ ದವಡೆಯ ಎಲುಬಿಗೆ, ಕಿವಿಯ ಬುಡಕ್ಕೆ ಒತ್ತಿಟ್ಟರು. ಚುರುಕ್ಕೆಂದಿತು. ಆಮೇಲೆ ತಟ್ಟಿದರು.

ಸದ್ದು ಕಿವಿಯಿಂದ ಬರಲಿಲ್ಲ. ಹಲ್ಲುಗಳಲ್ಲಿ ಬಂತು, ತಲೆಬುರುಡೆಯಲ್ಲಿ ಬಂತು, ಕತ್ತಿನ ಹಿಂದೆ ಎಲ್ಲೋ ಬಂತು. ಮಂದವಾಗಿ, ಭಾರವಾಗಿ, ತುಂಬಿದ ಚೀಲವನ್ನು ಅವಳ ತಲೆಯೊಳಗೇ ನಿಂತು ಯಾರೋ ತಟ್ಟಿದ ಹಾಗೆ. ಬ್ರೆಡ್ಡಿನ ನಡುವೆ ಹಸಿ ಎಲ್ಲಿದೆ, ಎಷ್ಟಿದೆ ಎಂದು ಕಣ್ಣಿಗೆ ಕಂಡಷ್ಟು ಸ್ಪಷ್ಟವಾಗಿ ಗೊತ್ತಾಯಿತು. ಒಂದು ಹಿಟ್ಟಿನ ಮುದ್ದೆಯೊಳಗೆ ಇಷ್ಟು ಮಾತು ಇದೆಯೇ? ಕಿವಿಯೇ ಇಲ್ಲದ ಈ ಮನುಷ್ಯ ಅದನ್ನೆಲ್ಲ ಹುಡುಕಿ ತೆಗೆದರೇ? ಅವಳಿಗೆ ಅವರ ಕಾಲಿಗೆ ಬೀಳಬೇಕು ಅನ್ನಿಸಿತು. ಬೀಳಲು ಬಾರದಷ್ಟು ಬೆಪ್ಪಾಗಿ ನಿಂತಿದ್ದಳು.

"ಕಿವಿ ಹೋದ ಹೊಸದರಲ್ಲಿ ನನಗೂ ದಿಕ್ಕು ತೋಚಲಿಲ್ಲ" ಎಂದರು ಕ್ಯಾಪ್ಟನ್. ತಮ್ಮ ದನಿ ತಮಗೆ ಕೇಳದ್ದರಿಂದ ಸ್ವಲ್ಪ ಗಟ್ಟಿಯಾಗಿಯೇ ಹೇಳಿದರು. "ಆ ಎರಡು ಹಸಿ ಬ್ರೆಡ್ ಆಗ ಹೋಗಿದ್ದು. ಹಡಗಲ್ಲಿ ಮಲಗಿದಾಗ ಎಂಜಿನ್ ಸದ್ದು ಕಿವಿ ಮುಚ್ಚಿದ್ರೂ ದಿಂಬಿನಿಂದ ಬರ್ತಿತ್ತು. ಅದು ನೆನಪಾಯ್ತು. ಬ್ರೆಡ್ಡನ್ನ ದವಡೆಗೆ ಇಟ್ಟು ನೋಡ್ದೆ, ಸದ್ದು ಸಿಕ್ತು."

ಸೊಸೆ ತನ್ನ ಮುಖವನ್ನು ಬೆರಳಿನಿಂದ ತೋರಿಸಿದಳು, ಅವರ ಕಣ್ಣುಗಳನ್ನು ತೋರಿಸಿದಳು. ಮತ್ತೆ ನನ್ನನ್ನು ಯಾಕೆ ನೋಡುತ್ತಿದ್ದಿರಿ?

"ನಿನಗೆ ಬರ್ತಿದೆಯಾ ಅಂತ ನೋಡ್ತಿದ್ದೆ." ಕ್ಯಾಪ್ಟನ್ ಸ್ವಲ್ಪ ನಕ್ಕರು. "ಮೊದಲೆಲ್ಲ ನೀನು ಪಾಪ ಅಂತ ತಲೆ ಆಡಿಸ್ತಿದ್ದೆ. ಪಾಪ ಅಂದ್ರೆ ಬ್ರೆಡ್ ಬೇಯಲ್ಲಮ್ಮ. ನೀನು ಆಚೆ ತಿರುಗಿದ ಮೇಲೆ ನಾನು ವಾಪಸ್ ಒಳಗಿಡ್ತಿದ್ದೆ. ಆಮೇಲಾಮೇಲೆ ನೀನು ಸರಿಯಾಗಿ ಹೇಳೋಕೆ ಶುರು ಮಾಡ್ದೆ. ಇವತ್ತು ನಿನ್ನ ಗಂಡನಿಗೆ ಹೆದರಿ ಹೂಂ ಅಂದೆ."

ಗಂಡ ನೆಲ ನೋಡಿದ.

"ಈ ಎಲುಬಲ್ಲೂ ಈಗೀಗ ಸದ್ದು ಸರಿಯಾಗಿ ಬರ್ತಿಲ್ಲ" ಎಂದು ಕ್ಯಾಪ್ಟನ್ ದವಡೆಯ ಕೆಂಪು ಕಲೆಯನ್ನು ಮುಟ್ಟಿಕೊಂಡರು. "ಈ ವಾರ ಇನ್ನೂ ಕಮ್ಮಿ. ಅದಕ್ಕೇ ನನಗೆ ಅವಸರ." ಇಷ್ಟು ಹೇಳಿ ಕೈಯಲ್ಲಿದ್ದ ಬಟ್ಟೆಯನ್ನು ಸೊಸೆಯ ಕೈಗಿಟ್ಟು ಗೋಡೆಯ ಬದಿಗೆ ಸರಿದು ನಿಂತರು.

ಹೊರಗೆ ಹಾರ್ನು ಮತ್ತೆ ಶುರುವಾಯಿತು. ಸೊಸೆ ಆ ಬ್ರೆಡ್ಡನ್ನೂ ಒಳಗೆ ತಳ್ಳಿ ಕಾದಳು. ಗಂಡ ಬಾಗಿಲು ಬಿಟ್ಟು ಕದಲಲಿಲ್ಲ, ಆದರೆ ಕಾಲು ಕುಟ್ಟುವುದು ನಿಂತಿತ್ತು. ಅವಳಿಗೆ ತೋಚಿದಾಗ ಒಂದನ್ನು ತೆಗೆದಳು. ಬೋರಲು ಮಾಡಿದಳು. ಕಿವಿಗೊಟ್ಟು ತಟ್ಟಿದಳು. ನಂಬಿಕೆಯಾಗದೆ ದವಡೆಗೆ ಒತ್ತಿಟ್ಟು ತಟ್ಟಿದಳು. ಮಾವನ ಮುಖ ನೋಡಬೇಕೆಂದು ಜೀವ ತುಡಿಯಿತು. ನೋಡಲಿಲ್ಲ. ಬ್ರೆಡ್ ಅಂಚಿನಲ್ಲೆಲ್ಲ ಬಾಗಿಲಿನಂತೆ ನುಡಿಯುತ್ತಿತ್ತು. ಗೀರುಗಳು ಕೂಡುವ ನಟ್ಟನಡುವೆ, ಬೆರಳ ತುದಿಯಷ್ಟು ಜಾಗದಲ್ಲಿ, ಇನ್ನೂ ಚೀಲ.

"ಆಗಿಲ್ಲ" ಎಂದಳು ಅವಳು. ಬ್ರೆಡ್ಡನ್ನು ಒಳಗಿಟ್ಟಳು.

ಗಂಡ ಬೀದಿಗೆ ಹೋದ. ವ್ಯಾನಿನವನಿಗೆ ಹೇಳುತ್ತಿದ್ದದ್ದು ಒಳಗೂ ಕೇಳಿಸಿತು. "ಹಾರ್ನ್ ನಿಲ್ಲಿಸಪ್ಪ, ಒಳಗೆ ಬ್ರೆಡ್ಡಿನ ಸದ್ದು ಕೇಳ್ತಿದಾರೆ. ಕಾಯಬೇಕು."

ಆಗ ಸೊಸೆ ಮಾವನ ಕಡೆ ತಿರುಗಿದಳು. ಬೆಂಕಿ ಉರಿಯುತ್ತಿರುವಾಗ ಕ್ಯಾಪ್ಟನ್ ಕೂತದ್ದನ್ನು ಆ ಮನೆಯಲ್ಲಿ ಯಾರೂ, ಅತ್ತೆ ಕೂಡ, ಕಂಡಿರಲಿಲ್ಲ. ಅವರು ಹಿಟ್ಟಿನ ಮೂಟೆಯ ಮೇಲೆ ಕಾಲು ಚಾಚಿ ಕೂತು, ಗೋಡೆಗೆ ತಲೆಯಾನಿಸಿ, ದಣಿವಾರಿಸಿಕೊಳ್ಳುತ್ತಾ ಕಣ್ಣು ಮುಚ್ಚಿದ್ದರು.